ಸೋಸಿದ ಕೊಳೆ ಎಲ್ಲಿಗೆ ಹೋಗುತ್ತದೆ?

ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳು ಗಾಳಿಯಲ್ಲೇ ತೇಲುತ್ತಿವೆಯೇನೋ ಅನ್ನಿಸುತ್ತಿತ್ತು. ಪರೀಕ್ಷೆಯ ಪುಟ್ಟ ಗಾಜಿನ ನಳಿಕೆಯಲ್ಲಿ ಮಾತ್ರ ಬಣ್ಣ ಕಡುಗೆಂಪಿಗೆ ತಿರುಗಿತ್ತು. ಲೀಟರಿಗೆ ಸುಮಾರು 80 ಮಿಲಿಗ್ರಾಂ ನೈಟ್ರೇಟ್. ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿರುವ 300 ಲೀಟರಿನ ಉಪ್ಪುನೀರಿನ ತೊಟ್ಟಿ ಅದು. ಆರು ಮೀನು, ಒಂದಿಷ್ಟು ಮೃದು ಹವಳ, ಕೆಲವು ಬಸವನಹುಳು. ಹವಳಗಳು ವಾರದಿಂದ ಮುದುಡಿಕೊಂಡೇ ಇದ್ದವು. ಅಂಗಡಿಯವರನ್ನು ಕೇಳಿದರೆ ಸಿಕ್ಕಿದ್ದು ಒಂದೇ ಉತ್ತರ: ಇನ್ನೂ ದೊಡ್ಡ ಫಿಲ್ಟರ್ ಹಾಕಿ. ಹಾಗೆ ಹಾಕಿದ್ದ ದೊಡ್ಡ ಕ್ಯಾನಿಸ್ಟರ್ ಫಿಲ್ಟರಿನ ಮುಚ್ಚಳವನ್ನು ಮೂರು ತಿಂಗಳ ಮೇಲೆ ಒಂದು ಭಾನುವಾರ ಬಿಚ್ಚಿದೆ. ಸ್ಪಂಜಿನ ಮೇಲೆ ಬೆರಳು ದಪ್ಪದ ಕಂದು ಕೆಸರು. ಬಕೆಟ್ಟಿನಲ್ಲಿ ಒಮ್ಮೆ ಹಿಂಡಿದ್ದೇ ತಡ, ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಮೂರು ತಿಂಗಳಿಂದ ಮೀನುಗಳು ತಿಂದುಳಿಸಿದ್ದು, ವಿಸರ್ಜಿಸಿದ್ದು ಎಲ್ಲವೂ ಅಲ್ಲೇ ಕೂತಿತ್ತು. ತೊಟ್ಟಿಯ ನೀರೆಲ್ಲ ಗಂಟೆಗೆ ಮೂರು ನಾಲ್ಕು ಸಲ ಅದನ್ನೇ ಹಾದು ಮತ್ತೆ ಹವಳಗಳ ಬಳಿಗೆ ಹೋಗುತ್ತಿತ್ತು.

ಫಿಲ್ಟರ್ ಎಂಬ ಮಾತು ಕೇಳಿದೊಡನೆ ನಮ್ಮವರ ಕಣ್ಣಿಗೆ ಬರುವುದು ಕಾಫಿ ಫಿಲ್ಟರ್. ಅದರಲ್ಲಿ ಪುಡಿ ಮೇಲೆ ನಿಲ್ಲುತ್ತದೆ, ನೀರು ಕೆಳಗಿಳಿಯುತ್ತದೆ, ಸಾರವೆಲ್ಲ ನೀರಿನ ಜೊತೆಗೇ ಬರುತ್ತದೆ. ನಾನು ತೊಟ್ಟಿಗೆ ಮಾಡಿದ್ದೂ ಅದನ್ನೇ. ಕೊಳೆಯನ್ನು ಒಂದು ಕಡೆ ಹಿಡಿದಿಟ್ಟು, ಅದರ ಮೇಲೆ ಹಗಲೂ ರಾತ್ರಿ ನೀರು ಹಾಯಿಸಿ, ಡಿಕಾಕ್ಷನ್ ಇಳಿಸಿ ಹವಳಗಳಿಗೆ ಕುಡಿಸಿದ್ದೆ. ಮನೆಯ ಕಸ ಗುಡಿಸಿ ಬಾಗಿಲ ಸಂದಿಗೆ ಒತ್ತರಿಸಿದರೆ ನೆಲವೇನೋ ಚೊಕ್ಕಟವಾಗಿ ಕಾಣುತ್ತದೆ, ಕಸ ಮಾತ್ರ ಮನೆಯೊಳಗೇ ಇರುತ್ತದೆ. ಸಮುದ್ರದ ತೊಟ್ಟಿಯ ಸೋಸುವಿಕೆಯನ್ನು ಸುಧಾರಿಸಬೇಕೆಂದರೆ ಯಂತ್ರದ ಗಾತ್ರ ಹೆಚ್ಚಿಸಿ ಪ್ರಯೋಜನವಿಲ್ಲ. ಒಳಗೆ ಹೋದದ್ದು ಹೊರಗೆ ಬರುವ ದಾರಿಗಳನ್ನು ತೆರೆಯಬೇಕು. ನಮ್ಮಲ್ಲಿ ಹವಳದ ತೊಟ್ಟಿ ಇಡುವ ಬಹುಪಾಲು ಜನ ಇದನ್ನು ತಲೆಕೆಳಗಾಗಿ ಮಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಮೀನಿನ ಒಣ ಆಹಾರದಲ್ಲಿ ಅರ್ಧದಷ್ಟು ಪ್ರೋಟೀನ್ ಇರುತ್ತದೆ ಎಂದಿಟ್ಟುಕೊಳ್ಳಿ. ಪ್ರೋಟೀನಿನಲ್ಲಿ ಶೇ. 16ರಷ್ಟು ಸಾರಜನಕ. ಅಂದರೆ ದಿನಕ್ಕೆ 1 ಗ್ರಾಂ ಆಹಾರ ಹಾಕಿದರೆ 80 ಮಿಲಿಗ್ರಾಂ ಸಾರಜನಕ ನೀರಿಗೆ ಬಿತ್ತು. ಮೀನು ಅದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬಿಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೀನಿನ ಮೈಗೆ ಸೇರಿದ ಪಾಲನ್ನು ಸದ್ಯಕ್ಕೆ ಬಿಟ್ಟು, ಎಲ್ಲವೂ ನೈಟ್ರೇಟ್ ಆಯಿತೆಂದರೆ, ಆ 80 ಮಿಲಿಗ್ರಾಂ ಸಾರಜನಕದಿಂದ ಸುಮಾರು 354 ಮಿಲಿಗ್ರಾಂ ನೈಟ್ರೇಟ್ ಹುಟ್ಟುತ್ತದೆ. 300 ಲೀಟರಿನಲ್ಲಿ ಹಂಚಿದರೆ ದಿನಕ್ಕೆ ಲೀಟರಿಗೆ 1.2 ಮಿಲಿಗ್ರಾಂ, ವಾರಕ್ಕೆ 8ಕ್ಕಿಂತ ತುಸು ಹೆಚ್ಚು. ಒಂದು ಗ್ರಾಂ ಎಂದರೆ ಎರಡು ಬೆರಳಲ್ಲಿ ಹಿಡಿಯುವ ಒಂದೆರಡು ಚಿಟಿಕೆ, ಅಷ್ಟೇ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸುವುದು. ನಾನೂ ತಪ್ಪದೆ ಮಾಡುತ್ತಿದ್ದೆ. ವಾರಕ್ಕೆ 8 ಸೇರಿ, ಇರುವುದರಲ್ಲಿ ಹತ್ತನೇ ಒಂದು ಪಾಲು ಹೋದರೆ ಏನಾಗುತ್ತದೆ? ಹೋಗುವುದು ಬರುವುದಕ್ಕೆ ಸಮನಾಗುವ ತನಕ ಏರುತ್ತಲೇ ಇರುತ್ತದೆ. ಆ ಸಮ ಬರುವುದು 80ರ ಆಸುಪಾಸಿನಲ್ಲಿ. 80ರ ಹತ್ತನೇ ಒಂದು ಪಾಲು 8 ತಾನೆ? ನನ್ನ ನಳಿಕೆಯಲ್ಲಿ ಕಂಡ ಬಣ್ಣಕ್ಕೆ ಬೇರೆ ರಹಸ್ಯವೇನೂ ಇರಲಿಲ್ಲ. ನೀರು ಬದಲಿಸುವುದರಿಂದ ಬೇರೆ ಲಾಭಗಳಿವೆ, ಬಳಕೆಯಾದ ಸೂಕ್ಷ್ಮ ಲವಣಗಳು ಮರಳಿ ಬರುತ್ತವೆ. ಆದರೆ ಕೊಳೆ ತೆಗೆಯುವ ಪೂರ್ತಿ ಹೊರೆಯನ್ನು ಅದರ ಮೇಲೆ ಹೊರಿಸಿದರೆ ಲೆಕ್ಕ ಸೋಲುತ್ತದೆ.

ಈ ತಪ್ಪು ನಮ್ಮಲ್ಲೇ ಹುಟ್ಟಿದ್ದಲ್ಲ. 1986ರಲ್ಲಿ ಅಮೆರಿಕದ ಒಂದು ಮೀನು ಸಾಕಣೆ ಪತ್ರಿಕೆಯಲ್ಲಿ ಜಾರ್ಜ್ ಸ್ಮಿಟ್ ಎಂಬುವರು ‘ಮಿನಿ ರೀಫ್’ (ಪುಟ್ಟ ಹವಳದ ದಿಬ್ಬ) ಬಗ್ಗೆ ಲೇಖನಮಾಲೆ ಬರೆದರು. ಪ್ಲಾಸ್ಟಿಕ್ ಗೋಲಿಗಳ ರಾಶಿಯ ಮೇಲೆ ನೀರು ತೊಟ್ಟಿಕ್ಕಿಸುವ ಫಿಲ್ಟರ್ ಅದರಿಂದ ಮನೆಮಾತಾಯಿತು. ಗೋಲಿಗಳಿಗೆ ಗಾಳಿ ಧಾರಾಳವಾಗಿ ಸಿಗುವುದರಿಂದ ಅಮೋನಿಯಾ ಬೇಗ ಬೇಗ ನೈಟ್ರೇಟ್ ಆಗುತ್ತಿತ್ತು. ಅಲ್ಲಿಗೆ ನಿಂತುಬಿಡುತ್ತಿತ್ತು. ನೈಟ್ರೇಟ್ ಮುಂದಕ್ಕೆ ಅನಿಲವಾಗಿ ಹಾರಿಹೋಗಬೇಕಾದರೆ ಆಮ್ಲಜನಕ ಇಲ್ಲದ ಮೂಲೆಗಳು ಬೇಕು, ಗೋಲಿಗಳ ರಾಶಿಯಲ್ಲಿ ಅವು ಇರಲಿಲ್ಲ. ವಿಚಿತ್ರವೆಂದರೆ ಇದಕ್ಕೆ ಉತ್ತರ ಕಾಲು ಶತಮಾನ ಮೊದಲೇ ಸಿಕ್ಕಿತ್ತು. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲೇ ಬರೆದದ್ದು ಬಹಳ ಸರಳ: ಸಮುದ್ರದಿಂದ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿದ ‘ಜೀವಂತ ಕಲ್ಲು’ ತನ್ನಿ, ನೀರಿಗೆ ಗಾಳಿಗುಳ್ಳೆ ಬಿಡಿ, ಬೆಳಕು ಕೊಡಿ, ಫಿಲ್ಟರನ್ನು ಮರೆತುಬಿಡಿ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇದೇ ಕಲ್ಲಿನ ಜೊತೆ ಸ್ಕಿಮ್ಮರ್ ಜೋಡಿಸಿ ಗಟ್ಟಿ ಹವಳಗಳನ್ನೂ ಮನೆಯಲ್ಲಿ ಬೆಳೆಸಿದರು. ಇಂದಿಗೂ ನನಗೆ ಗೊತ್ತಿರುವ ಅತಿ ನಂಬಿಕಸ್ತ ಜೋಡಿ ಅದು.

ಸ್ಕಿಮ್ಮರ್ ಏನು ಮಾಡುತ್ತದೆ ಎಂಬುದನ್ನು ಮಂಡ್ಯದ ಕಡೆಯವರಿಗೆ ವಿವರಿಸಬೇಕಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯುವಾಗ ಮೇಲೆ ಮಡ್ಡಿ ಬರುತ್ತದೆ. ಅದನ್ನು ಆಗಿಂದಾಗ್ಗೆ ತೆಗೆದು ಹೊರಗೆ ಹಾಕದಿದ್ದರೆ ಬೆಲ್ಲ ಕಪ್ಪಾಗುತ್ತದೆ. ಇಲ್ಲಿ ಬೆಂಕಿಯ ಬದಲು ಗಾಳಿ. ಎತ್ತರದ ಕೊಳವೆಯೊಳಗೆ ಲಕ್ಷಾಂತರ ಸಣ್ಣ ಗುಳ್ಳೆಗಳು ಏಳುತ್ತವೆ. ಪ್ರೋಟೀನು, ಕೊಬ್ಬಿನಂಥ ವಸ್ತುಗಳ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ, ಹಾಗಾಗಿ ಅವು ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡವಾಗುವುದು ಕಡಿಮೆ, ಅದಕ್ಕೇ ಈ ಉಪಾಯ ಸಮುದ್ರದ ತೊಟ್ಟಿಯಲ್ಲಿ ನಡೆಯುತ್ತದೆ, ಸಿಹಿನೀರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಮಲ್ಪೆಯ ದಂಡೆಯಲ್ಲಿ ಅಲೆಗಳು ಬಿಟ್ಟುಹೋಗುವ ನೊರೆಯ ಹಿಂದಿರುವುದೂ ಇದೇ ಗುಣ. ನೊರೆ ಮೇಲಿನ ಬಟ್ಟಲಿಗೆ ಉಕ್ಕಿ, ಒಡೆದು, ಕಡುಹಸಿರು ರಸವಾಗಿ ನಿಲ್ಲುತ್ತದೆ. ಮೂರು ದಿನಕ್ಕೊಮ್ಮೆ ಆ ಬಟ್ಟಲನ್ನು ಬಚ್ಚಲಿಗೆ ಒಯ್ದು ಸುರಿಯುವಾಗ ಮೀನು ಮಾರುಕಟ್ಟೆಯ ಹಳೆ ಚರಂಡಿಯ ವಾಸನೆ ಮುಖಕ್ಕೆ ರಾಚುತ್ತದೆ. ಆ ವಾಸನೆ ನನಗೆ ಸಮಾಧಾನ ಕೊಡುತ್ತದೆ. ಕೊಳೆತು ನೈಟ್ರೇಟ್ ಆಗುವ ಮುನ್ನವೇ ಅಷ್ಟು ವಸ್ತು ತೊಟ್ಟಿ ಬಿಟ್ಟು ಹೋಯಿತಲ್ಲ! ಇದನ್ನು ಗಿಡದ ಬುಡಕ್ಕೆ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಅದರಲ್ಲಿ ಉಪ್ಪಿದೆ.

ಹಾಗೆಂದು ಸ್ಕಿಮ್ಮರನ್ನೇ ದೇವರು ಮಾಡುವುದೂ ಸರಿಯಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರಲ್ಲಿ ಹಲವು ಸ್ಕಿಮ್ಮರುಗಳನ್ನು ಅಳೆದು ನೋಡಿದರು. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಅವು ತೆಗೆದದ್ದು ಶೇ. 20ರಿಂದ 30ರಷ್ಟು ಮಾತ್ರ. ಉಳಿದದ್ದು ಗುಳ್ಳೆಗೆ ಅಂಟುವ ಜಾತಿಯದೇ ಅಲ್ಲ. ಆದ್ದರಿಂದ ಎರಡರಷ್ಟು ಬೆಲೆಯ ಸ್ಕಿಮ್ಮರ್ ತಂದರೆ ಎರಡರಷ್ಟು ಕೊಳೆ ಹೋಗುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಡಿ.

ಇನ್ನು ಕಲ್ಲಿನ ವಿಷಯ. ಇಲ್ಲಿ ನಮ್ಮ ದೇಶದ ಹವ್ಯಾಸಿಯ ದಾರಿ ಜಕಾರ್ತಾದವರ, ಬರ್ಲಿನ್ನಿನವರ ದಾರಿಯಿಂದ ಬೇರೆಯಾಗುತ್ತದೆ, ಬೇರೆಯಾಗಲೇಬೇಕು. 2001ರಿಂದ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಹವಳದ ಕಲ್ಲು ಕಿತ್ತು ತರುವುದು ಅಪರಾಧ. ನಮ್ಮದೇ ಕರಾವಳಿಯಲ್ಲಿ, ಮುರುಡೇಶ್ವರದಿಂದ ಕಾಣುವ ನೇತ್ರಾಣಿಯ ಸುತ್ತಲೂ ಹವಳಗಳಿವೆ. ಅವನ್ನು ನೋಡಬೇಕೆನಿಸಿದವರು ಅಲ್ಲಿಗೇ ಹೋಗಿ ನೀರಿಗಿಳಿದು ನೋಡಬೇಕು. ಗಾಜಿನ ಪೆಟ್ಟಿಗೆಯಲ್ಲಿ ಒಂದು ದಿಬ್ಬ ಕಟ್ಟಲು ಸಮುದ್ರದ ದಿಬ್ಬ ಒಡೆಯುವುದಾದರೆ ಆ ಹವ್ಯಾಸಕ್ಕೆ ಅರ್ಥವೇ ಇಲ್ಲ. ‘ಕಾಗದ ಪತ್ರ ಏನೂ ಬೇಡ ಸಾರ್’ ಎಂದು ಗುಟ್ಟಿನಲ್ಲಿ ಕಲ್ಲು ತೋರಿಸುವ ಅಂಗಡಿಯಿಂದ ಎದ್ದು ಬನ್ನಿ.

ಹಾಗಾದರೆ ಏನಿಡುವುದು? ಸುಟ್ಟ ಪಿಂಗಾಣಿಯ ರಂಧ್ರದ ಕಲ್ಲು ಸಿಗುತ್ತದೆ, ಸಿಮೆಂಟಿನಿಂದ ಮಾಡಿದ ಕಲ್ಲು ಸಿಗುತ್ತದೆ. ಅವು ಸತ್ತ ಕಲ್ಲುಗಳು, ಜೀವ ಬರಲು ಸಮಯ ಬೇಕು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಾಲ್ಕಾರು ವಾರಗಳಲ್ಲಿ ಮೇಲ್ಮೈಯಲ್ಲಿ ನೆಲೆಸುತ್ತದೆ. ಕಲ್ಲಿನ ಆಳದ ರಂಧ್ರಗಳಲ್ಲಿ ಆಮ್ಲಜನಕ ತೀರಿಹೋದ ಕಡೆ, ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾ ಬೀಡು ಬಿಡಲು ತಿಂಗಳುಗಳೇ ಬೇಕು. ಆ ಅನಿಲ ಸದ್ದಿಲ್ಲದೆ ಗಾಳಿಗೆ ಸೇರುತ್ತದೆ. ನಮ್ಮ ಕೈ ಸೋಕದೆ ಕೊಳೆ ಹೊರಗೆ ಹೋಗುವ ಬಾಗಿಲು ಅದು, ಅದನ್ನು ದುಡ್ಡು ಕೊಟ್ಟು ಬೇಗ ತೆರೆಸಲು ಆಗುವುದಿಲ್ಲ. ಆ ಬಾಗಿಲನ್ನು ಮುಚ್ಚದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಕಲ್ಲುಗಳನ್ನು ಗೋಡೆ ಕಟ್ಟಿದಂತೆ ಒತ್ತೊತ್ತಾಗಿ ಪೇರಿಸಿದರೆ ಹಿಂದೆ ನೀರಾಡುವುದಿಲ್ಲ. ಒಂದು ದೊಡ್ಡ ಪಿಚಕಾರಿ ತೆಗೆದುಕೊಂಡು ಕಲ್ಲಿನ ಸಂದಿಗೆ ಜೋರಾಗಿ ನೀರೂದಿ ನೋಡಿ. ಬೂದು ಮೋಡ ಎದ್ದರೆ ಅಲ್ಲಿ ಕೊಳೆ ಕೂತು ರಂಧ್ರಗಳ ಬಾಯಿ ಕಟ್ಟಿದೆ ಎಂದರ್ಥ. ನಾನು ಪ್ರತಿ ವಾರ ನೀರು ಬದಲಿಸುವ ಮುನ್ನ ಅರ್ಧ ಗಂಟೆ ಹೀಗೆ ಊದುತ್ತೇನೆ. ಎದ್ದ ಮೋಡವನ್ನು ನೀರಿಳಿಯುವ ದಾರಿಯಲ್ಲಿ ಕಟ್ಟಿದ ಬಟ್ಟೆಚೀಲ ಹಿಡಿಯುತ್ತದೆ. ಅಂದೇ ಆ ಚೀಲ ತೊಳೆಯಲು ಹೋಗುತ್ತದೆ.

ಬಟ್ಟೆಚೀಲಕ್ಕೂ ನಾನು ಬೈದ ಕ್ಯಾನಿಸ್ಟರಿಗೂ ಏನು ವ್ಯತ್ಯಾಸ ಎಂದು ಕೇಳಬಹುದು. ಚೀಲ ಕಣ್ಣೆದುರಿಗಿದೆ, ಎರಡು ಮೂರು ದಿನಕ್ಕೊಮ್ಮೆ ಬದಲಾಗುತ್ತದೆ. ವಾರಗಟ್ಟಲೆ ಬಿಟ್ಟರೆ ಅದೂ ಕಾಫಿ ಫಿಲ್ಟರೇ. ಕ್ಯಾನಿಸ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯುವವರಿದ್ದರೆ ಅವರ ತೊಟ್ಟಿಯೂ ಚೆನ್ನಾಗಿರುತ್ತದೆ, ಆದರೆ ಅಂಥವರನ್ನು ನಾನು ಕಂಡಿದ್ದು ಕಡಿಮೆ. ಕೊಳೆಯಾದ ಬಟ್ಟೆಯನ್ನು ತಾನೇ ಸುತ್ತಿಕೊಂಡು ಹೊಸದನ್ನು ಬಿಡಿಸುವ ರೋಲರ್ ಫಿಲ್ಟರ್ ಈಗ ಬಂದಿದೆ. ನಾನು ಯಂತ್ರಗಳ ವಿರೋಧಿಯಲ್ಲ. ಅದು ಕೊಳೆಯನ್ನು ನಿಜವಾಗಿಯೂ ನೀರಿನಿಂದ ಮೇಲಕ್ಕೆತ್ತುತ್ತದೆ, ಕೈಗೆಟುಕಿದರೆ ತನ್ನಿ.

ತೊಟ್ಟಿಯ ಕೆಳಗಿನ ಗಾಜಿನ ಪೆಟ್ಟಿಗೆಗೆ ನಾವು ಸಂಪ್ ಎನ್ನುತ್ತೇವೆ. ಅದರ ಒಂದು ಭಾಗದಲ್ಲಿ ಬೆಳಕು ಹಾಕಿ ಕೀಟೊಮಾರ್ಫಾ ಎಂಬ ನೂಲಿನಂಥ ಪಾಚಿ ಬೆಳೆಸುವುದು ಇನ್ನೊಂದು ದಾರಿ. ಪಾಚಿಯನ್ನೇ ಸೋಸುಗನನ್ನಾಗಿ ಮಾಡುವ ವಿಚಾರವನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡೀ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರಿ ಪಾಚಿ ತನ್ನ ಮೈ ಕಟ್ಟಿಕೊಳ್ಳುತ್ತದೆ. ಮುಖ್ಯ ಕೆಲಸ ಇರುವುದು ಕೊಯ್ಲಿನಲ್ಲಿ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕಿತ್ತು ಹೊರಗೆ ಹಾಕದಿದ್ದರೆ ಒಳಗಿನದು ಬೆಳಕಿಲ್ಲದೆ ಕೊಳೆತು, ಹೀರಿದ್ದನ್ನೆಲ್ಲ ಮರಳಿ ಕೊಡುತ್ತದೆ.

ಇಷ್ಟೆಲ್ಲ ಓದಿದವರಿಗೆ ಹಾಗಾದರೆ ಎಲ್ಲವನ್ನೂ ತೆಗೆದು ಸೊನ್ನೆಗೆ ತಂದುಬಿಡೋಣ ಎನಿಸಬಹುದು. ನನಗೂ ಹಾಗೇ ಅನಿಸಿತ್ತು. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳು ತಂದು ಪೊಟ್ಟಣದಲ್ಲಿದ್ದಷ್ಟನ್ನೂ ಒಂದೇ ಸಲ ಹಾಕಿದೆ. ನಾಲ್ಕೇ ದಿನಕ್ಕೆ ಫಾಸ್ಫೇಟ್ ಪರೀಕ್ಷೆಗೇ ಸಿಗದಂತಾಯಿತು. ಎರಡು ವಾರದಲ್ಲಿ ಹವಳಗಳು ಸುಣ್ಣದ ನೀರು ಬಳಿದಂತೆ ಬಿಳಚಿದವು, ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಲೋಳೆ ಹರಡಿತು. ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು ಅವು, ಬೇರೆ ಪಾಚಿ ಬದುಕಲಾಗದ ಬರಡು ನೀರಿನಲ್ಲಿ ಮೇಲುಗೈ ಪಡೆಯುತ್ತವೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯಾರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು ಇದಕ್ಕೆ ಸಂಬಂಧಿಸಿದ್ದೇ: ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ತೀರ ಕಡಿಮೆಯಾದರೆ, ಹವಳದೊಳಗಿನ ಪಾಚಿಗೆ ಫಾಸ್ಫೇಟಿನ ಬರ ಬಂದು, ಬೆಳಕು ಮತ್ತು ಸೆಕೆಗೆ ಹವಳ ಬೇಗ ಬಿಳಚಿಕೊಳ್ಳುತ್ತದೆ. ನನ್ನ ಹವಳಗಳಿಗೆ ಆದದ್ದು ಕೊಳೆಯ ಕಾಟವಲ್ಲ, ಹಸಿವು.

ಸಮುದ್ರದ ದಿಬ್ಬಗಳ ಸುತ್ತಲಿನ ನೀರೂ ಬರಡೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹೌದು, ಅಲ್ಲಿ ಅಳತೆಗೆ ಸಿಗುವ ನೈಟ್ರೇಟ್ ಅತ್ಯಲ್ಪ. ಆದರೆ ಬಟ್ಟಲಲ್ಲಿ ಅನ್ನ ಕಡಿಮೆ ಕಾಣುವುದು ಅಡುಗೆ ಆಗದಿದ್ದಕ್ಕಲ್ಲ, ಬಡಿಸಿದ್ದು ಬಡಿಸಿದಂತೆ ಖಾಲಿಯಾಗುವುದರಿಂದ. ದಿಬ್ಬದ ಮೇಲೆ ಹಗಲಿರುಳು ಪ್ಲವಕಗಳ ಪ್ರವಾಹ ಹರಿಯುತ್ತದೆ, ಪ್ರತಿ ಬಾಯಿಗೂ ಅದರಲ್ಲಿ ಪಾಲು. ಕೆರಿಬಿಯನ್ನಿನ ಕ್ಯುರಸಾವ್ ದ್ವೀಪದಲ್ಲಿ ಡಚ್ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಕೆಲಸ ನನ್ನ ಕಣ್ಣು ತೆರೆಸಿತು. ಕಲ್ಲಿನ ಸಂದುಗಳಲ್ಲಿರುವ ಸ್ಪಂಜು ಜೀವಿಗಳು ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನು ಹೀರಿ, ತಮ್ಮ ಹಳೆ ಜೀವಕೋಶಗಳನ್ನು ಬಹುಬೇಗ ಕಳಚಿ ಉದುರಿಸುತ್ತವೆ. ಆ ಉದುರನ್ನು ಹುಳುಗಳು, ಬಸವನಹುಳುಗಳು ತಿನ್ನುತ್ತವೆ. ಅಲ್ಲಿ ಸೋಸುವುದು, ಉಣ್ಣುವುದು ಎರಡಲ್ಲ. ಸ್ಕಿಮ್ಮರಿಗೆ ಸಿಗದ ಪಾಲಿನಲ್ಲಿ ಒಂದಂಶವನ್ನು ಈ ಸ್ಪಂಜುಗಳು ಹೀರಬಲ್ಲವು. ನಮ್ಮ ಸಂಪಿನ ಕತ್ತಲ ಮೂಲೆಯಲ್ಲಿ ಬೆಳೆಯುವ ಬಿಳಿ ಸ್ಪಂಜಿನ ಚುಕ್ಕೆಗಳನ್ನು ಕಂಡು ಗಲೀಜೆಂದು ಕೆರೆದು ತೊಳೆಯುವವರನ್ನು ನೋಡಿದಾಗ ಸಂಕಟವಾಗುತ್ತದೆ. ಆ ಚುಕ್ಕೆಗಳೂ ಫಿಲ್ಟರೇ. ನಾನೀಗ ಲೀಟರಿಗೆ ನೈಟ್ರೇಟನ್ನು 5ರಿಂದ 10 ಮಿಲಿಗ್ರಾಂ ನಡುವೆ, ಫಾಸ್ಫೇಟನ್ನು 0.05 ಮಿಲಿಗ್ರಾಂ ಆಸುಪಾಸಿನಲ್ಲಿ ಇರಿಸಿಕೊಳ್ಳುತ್ತೇನೆ. ಸೊನ್ನೆ ಕಂಡರೆ ಗಾಬರಿಯಾಗಿ ಮೀನುಗಳಿಗೆ ಒಂದು ತುತ್ತು ಹೆಚ್ಚು ಹಾಕುತ್ತೇನೆ.

ನಮ್ಮ ಊರಿಗೆ ಸೇರಿದ ಎರಡು ಮಾತು. ತೆರೆದ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ಆವಿಯಾಯಿತೆನ್ನಿ. ಹೋಗುವುದು ಬರೀ ನೀರು, ಉಪ್ಪು ಉಳಿಯುತ್ತದೆ, ಆದ್ದರಿಂದ ತುಂಬಬೇಕಾದದ್ದೂ ಬರೀ ನೀರು. ಲೀಟರಿಗೆ 500 ಮಿಲಿಗ್ರಾಂ ಲವಣ ಕರಗಿದ ಬೋರ್‌ವೆಲ್ ನೀರು ತುಂಬಿದರೆ ತಿಂಗಳಿಗೆ 45 ಗ್ರಾಂ ಬೇಡದ ವಸ್ತು ತೊಟ್ಟಿಗೆ ಸೇರುತ್ತದೆ, ಅದರಲ್ಲಿ ನೈಟ್ರೇಟೂ ಇರಬಹುದು. ಅಡುಗೆಮನೆಯ ಆರ್‌ಒ ಇದೆಯಲ್ಲ ಎನ್ನಬೇಡಿ. ಅವುಗಳಲ್ಲಿ ಹಲವು ರುಚಿಗೆಂದು ಸೋಸದ ನೀರನ್ನೋ ಖನಿಜಗಳನ್ನೋ ಮತ್ತೆ ಬೆರೆಸುತ್ತವೆ. ತೊಟ್ಟಿಗೆಂದೇ ಇರುವ ಆರ್‌ಒ, ಅದರ ಮುಂದೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಕೊಳವೆ, ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ. ಇಲ್ಲಿ ಮಾತ್ರ ಸೊನ್ನೆಯೇ ಸರಿ.

ಎರಡನೆಯದು ಕರೆಂಟು. ಅದೇ ಉಷ್ಣತೆಯ ಸಿಹಿನೀರಿಗಿಂತ ಸಮುದ್ರದ ನೀರು ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬೇಸಿಗೆಯ ರಾತ್ರಿ ಮೂರು ಗಂಟೆ ಕರೆಂಟು ಹೋದರೆ ಮೀನು, ಹವಳಗಳ ಜೊತೆ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಅದೇ ನೀರಿನಲ್ಲಿ ಉಸಿರಾಡಬೇಕು. ಕೊಳೆ ತುಂಬಿದ ಮುಚ್ಚಿದ ಕ್ಯಾನಿಸ್ಟರಿನೊಳಗೆ ಮೊದಲು ಉಸಿರು ಕಟ್ಟುತ್ತದೆ. ಕರೆಂಟು ಬಂದಾಗ ಅದು ವಿಷದ ನೀರನ್ನು ತೊಟ್ಟಿಗೆ ಸುರಿಯುತ್ತದೆ. ಮನೆಯ ಯುಪಿಎಸ್‌ಗೆ ಟಿವಿಯನ್ನು ಜೋಡಿಸುವ ಮುಂಚೆ ನೀರಾಡಿಸುವ ಒಂದು ಸಣ್ಣ ಮೋಟರನ್ನು ಜೋಡಿಸಿ.

ಕ್ಯಾನಿಸ್ಟರನ್ನು ತೆಗೆದು ಈಗ ಎರಡು ವರ್ಷ. ಹಜಾರದ ತೊಟ್ಟಿಯ ನೀರು ಮೊದಲಿನಷ್ಟು ಗಾಜಿನಂತಿಲ್ಲ, ಬೆಳಕಿಗೆ ಅಡ್ಡ ನಿಂತು ನೋಡಿದರೆ ಸಣ್ಣ ಕಣಗಳು ತೇಲುವುದು ಕಾಣುತ್ತದೆ. ಆ ಕಣಗಳ ಕಡೆಗೆ ಹವಳಗಳು ಸಂಜೆ ಬಾಯಿ ಬಿಡುತ್ತವೆ. ನೀವೂ ತೊಟ್ಟಿ ಇಟ್ಟಿದ್ದರೆ, ಹೊಸ ಫಿಲ್ಟರಿಗೆ ದುಡ್ಡು ಕೊಡುವ ಮುನ್ನ ಒಂದು ತಿಂಗಳು ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಗ್ರಾಂ ಆಹಾರ ಹಾಕಿದಿರಿ, ಚೀಲ ಎಂದು ತೊಳೆದಿರಿ, ಬಟ್ಟಲು ಎಷ್ಟು ಸಲ ಖಾಲಿ ಮಾಡಿದಿರಿ, ಪಾಚಿ ಎಷ್ಟು ಕಿತ್ತಿರಿ, ವಾರದ ನೈಟ್ರೇಟ್ ಫಾಸ್ಫೇಟ್ ಎಷ್ಟು. ತಿಂಗಳ ಕೊನೆಗೆ ಅದನ್ನು ಮುಂದಿಟ್ಟುಕೊಂಡು, ಇನ್ನೊಂದು ಯಂತ್ರ ಬೇಕೇ ಎಂದು ನೀವೇ ನಿರ್ಧರಿಸಿ.